ಆಟೋ ಎದ್ದು ನಿಲ್ಲಬೇಕು: ಬ್ಲೆಂಡರ್‌ನಲ್ಲಿ ರೋಬೋ ಅನಿಮೇಷನ್

ಸಿಗ್ನಲ್‌ನಲ್ಲಿ ನಿಂತ ಹಸಿರು-ಹಳದಿ ಆಟೋ ನಿಂತಲ್ಲೇ ಬಿಚ್ಚಿಕೊಂಡು ರೋಬೋ ಆಗಿ ಏಳುತ್ತದೆ. ರೂಪ ಬದಲಿಸುವ ರೋಬೋಗಳ ಅಭಿಮಾನಿಗಳಿಗೆ ಮೊದಲ ಹತ್ತು ಸೆಕೆಂಡಿನ ವಿಡಿಯೊಗೆ ಇದಕ್ಕಿಂತ ಒಳ್ಳೆಯ ಪಾತ್ರ ಬೆಂಗಳೂರಿನಲ್ಲಿ ಸಿಗದು: ಮೂರೇ ಚಕ್ರ, ಬಾಗಿಲಿಲ್ಲ, ತಗಡಿನ ಭಾಗಗಳೆಲ್ಲ ದೊಡ್ಡವು. ಇದನ್ನು ಮಾಡಲು ಬೇಕಾದ 3ಡಿ ಅನಿಮೇಷನ್ ತಂತ್ರಾಂಶ ಬ್ಲೆಂಡರ್ ಪೂರ್ತಿ ಉಚಿತ. 8 ಜಿಬಿ ರ್‍ಯಾಮ್‌ನಲ್ಲಿ ಓಡುತ್ತದೆ, 16 ಇದ್ದರೆ ನೆಮ್ಮದಿ. ಹೆಚ್ಚಿನ ರ್‍ಯಾಮ್ ಹಾಕಿಸಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ಗೆ ಹೋಗುವಾಗ ಲ್ಯಾಪ್‌ಟಾಪನ್ನೇ ಒಯ್ಯಿರಿ. ರ್‍ಯಾಮ್‌ನಲ್ಲಿ ತಲೆಮಾರುಗಳಿವೆ, ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ.

ಆಟೋವನ್ನು ನಿಜ ಅಳತೆಗೇ ಕಟ್ಟಿ: ಸುಮಾರು 2.6 ಮೀಟರ್ ಉದ್ದ, 1.3 ಅಗಲ, 1.7 ಎತ್ತರ. ಮೊದಲು ಕಾಗದದ ಮೇಲೆ ಯಾವುದು ಏನಾಗುತ್ತದೆ ಅಂತ ಬರೆದುಕೊಳ್ಳಿ. ಮುಂದಿನ ತಗಡು ಎದೆ, ಟಾಪ್ ಎರಡು ಸೀಳಾಗಿ ಭುಜ, ಹಿಂದಿನ ಚಕ್ರಗಳು ಹಿಮ್ಮಡಿಗೆ, ಮುಂದಿನದು ಬೆನ್ನಿಗೆ. 15ರಿಂದ 20 ಭಾಗ ಸಾಕು. ಪ್ರತಿ ಭಾಗವೂ ಬೇರೆ ಆಬ್ಜೆಕ್ಟ್ ಆಗಿರಲಿ. ಎಲ್ಲಕ್ಕೂ 5 ಮಿಲಿಮೀಟರ್ ಬೆವೆಲ್ ಮಾಡಿಫೈಯರ್ (ಚೂಪು ಅಂಚನ್ನು ತುಸು ಮೊಂಡಾಗಿಸುವ ಸಾಧನ) ಹಾಕಿ; ಇಲ್ಲದಿದ್ದರೆ ಅಂಚಿಗೆ ಬೆಳಕು ಹಿಡಿಯದೆ ತಗಡು ರಟ್ಟಿನ ಡಬ್ಬಿಯಂತೆ ಕಾಣುತ್ತದೆ. ಕೊನೆಗೆ ಎಲ್ಲವನ್ನೂ ಆಯ್ದು ಕಂಟ್ರೋಲ್+ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ, ಅಂದರೆ ಹಿಗ್ಗಿಸಿ ಕುಗ್ಗಿಸಿದ ಅಳತೆಯನ್ನು ಕಾಯಂ ಮಾಡಿ. ಮರೆತರೆ ಮುಂದೆ ಒಂದು ಭಾಗ ತಿರುಗಿದಾಗ ಅದಕ್ಕೆ ಅಂಟಿದ ಇನ್ನೊಂದು ಓರೆಯಾಗಿ ಎಳೆದುಕೊಳ್ಳುತ್ತದೆ.

ಇನ್ನು ಕೀಲು. ರೋಬೋ ವಿಡಿಯೊ ಕೆಡುವುದು ಹೆಚ್ಚಾಗಿ ಇಲ್ಲೇ. ಮನುಷ್ಯರ ಪಾತ್ರಕ್ಕೆ ಮಾಡುವ ಹಾಗೆ ಆಟೊಮ್ಯಾಟಿಕ್ ವೇಟ್ಸ್ (ಯಾವ ಮೂಳೆ ಮೈಯ ಯಾವ ಭಾಗವನ್ನು ಎಷ್ಟು ಎಳೆಯಬೇಕೆಂದು ಬ್ಲೆಂಡರೇ ಹಂಚುವುದು) ಕೊಟ್ಟರೆ ಮೊಣಕೈ ಹತ್ತಿರ ತಗಡು ರಬ್ಬರಿನಂತೆ ಬಾಗುತ್ತದೆ. ತಗಡು ಬಾಗಬಾರದು, ಪಿನ್ನಿನ ಸುತ್ತ ತಿರುಗಬೇಕು. ಭಾಗಗಳನ್ನು ತಿರುಗಿಸುವ ಮೂಳೆಗೆ ಬ್ಲೆಂಡರ್‌ನಲ್ಲಿ ಬೋನ್ ಎನ್ನುತ್ತಾರೆ, ಬೋನ್‌ಗಳ ಇಡೀ ಅಸ್ಥಿಪಂಜರಕ್ಕೆ ಆರ್ಮೇಚರ್. ಹಾಗಾಗಿ ಪ್ರತಿ ಬೋನ್‌ನ ಬುಡ ಆ ಕೀಲಿನ ಪಿನ್ನಿನ ನಡುವೆಯೇ ಇರಲಿ: ಪಿನ್ನಿನ ಅಂಚನ್ನು ಆಯ್ದು ಶಿಫ್ಟ್+ಎಸ್ ಒತ್ತಿ ಕರ್ಸರ್ ಅಲ್ಲಿಗೆ ತನ್ನಿ, ಆಮೇಲೆ ಬೋನ್‌ನ ಬುಡವನ್ನು ಕರ್ಸರ್‌ಗೆ ಕೂರಿಸಿ. ನಂತರ ಭಾಗವನ್ನು ಆಯ್ದು, ಶಿಫ್ಟ್ ಹಿಡಿದು ಆರ್ಮೇಚರ್ ಆಯ್ದು, ಪೋಸ್ ಮೋಡ್‌ಗೆ ಹೋಗಿ, ಬೋನ್ ಆಯ್ದು, ಕಂಟ್ರೋಲ್+ಪಿ ಒತ್ತಿ ‘ಬೋನ್’ ಆರಿಸಿ. ಬೋನ್‌ಗಳ ತಿರುವು ಮೊದಲು ಕ್ವಾಟರ್ನಿಯನ್ ಎಂಬ ನಾಲ್ಕು ಅಂಕಿಗಳ ಲೆಕ್ಕದಲ್ಲಿರುತ್ತದೆ. ಅದನ್ನು ಮೂರು ಅಕ್ಷಗಳ ಡಿಗ್ರಿ ಲೆಕ್ಕವಾದ ಎಕ್ಸ್‌ವೈಜೆಡ್ ಆಯ್ಲರ್‌ಗೆ ಬದಲಿಸಿ, ಎನ್ ಪ್ಯಾನೆಲ್‌ನಲ್ಲಿ ಬೇಡದ ಎರಡು ಅಕ್ಷಗಳಿಗೆ ಬೀಗ ಹಾಕಿ. ಆಗ ಕೈ ತಪ್ಪಿದರೂ ಕೀಲು ಅಡ್ಡದಾರಿಗೆ ತಿರುಗುವುದಿಲ್ಲ.

ಕಾಲಿಗೆ ಐಕೆ (ಪಾದ ಎಳೆದರೆ ಮೊಣಕಾಲು ತಾನೇ ಮಡಚುವ ವ್ಯವಸ್ಥೆ) ಬೇಕು. ಮೊಣಕಾಲಿನ ಕೆಳಗಿನ ಬೋನ್‌ಗೆ ಹಾಕಿ ಚೈನ್ ಲೆಂತ್ (ಎಷ್ಟು ಬೋನ್‌ಗಳು ಜೊತೆಗೆ ಅಲುಗಬೇಕೆಂಬ ಅಂಕಿ) 2 ಕೊಡಿ. 0 ಬಿಟ್ಟರೆ ಪಾದ ಎಳೆದಾಗ ಬೆನ್ನೂ ಅದರ ಹಿಂದೆಯೇ ಬರುತ್ತದೆ. ಎಡಿಟ್ ಮೋಡ್‌ನಲ್ಲಿ ಮೊಣಕಾಲನ್ನು ಒಂದಿಷ್ಟು ಮುಂದಕ್ಕೆ ಬಗ್ಗಿಸಿಟ್ಟಿರಿ, ನೆಟ್ಟಗಿದ್ದರೆ ಯಾವ ಕಡೆ ಮಡಚಬೇಕೆಂದು ಅದಕ್ಕೆ ತಿಳಿಯುವುದಿಲ್ಲ.

ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಇಟ್ಟುಕೊಂಡರೆ ರೂಪ ಬದಲಾಗಲು 48 ಫ್ರೇಮ್ ಹಿತವಾಗಿರುತ್ತದೆ. ಎಲ್ಲ ಭಾಗಗಳನ್ನೂ ಒಟ್ಟಿಗೆ ಹೊರಡಿಸಬೇಡಿ. ಟಾಪ್ ಮೊದಲು ಸೀಳಲಿ, 3 ಫ್ರೇಮ್ ಬಿಟ್ಟು ಭುಜ, ಇನ್ನೂ 3 ಬಿಟ್ಟು ಎದೆ. ಪ್ರತಿ ಭಾಗವೂ ಗುರಿ ದಾಟಿ ಒಂದೆರಡು ಡಿಗ್ರಿ ಮುಂದೆ ಹೋಗಿ 2 ಫ್ರೇಮ್‌ನಲ್ಲಿ ಹಿಂದಕ್ಕೆ ಬರಲಿ. ‘ಠಕ್’ ಅಂತ ಲಾಕ್ ಆದಂತೆ ಕಣ್ಣಿಗೆ ಅನ್ನಿಸುವುದು ಅದರಿಂದಲೇ. ಹೆಜ್ಜೆ ಎತ್ತಲು 10 ಫ್ರೇಮ್, ಇಳಿಸಲು 5. ಪಾದ ನೆಲ ಮುಟ್ಟಿದ 2 ಫ್ರೇಮ್ ನಂತರ ಸೊಂಟ ಕುಸಿಯಬೇಕು, ಭಾರ ತೋರುವುದು ಆ ತಡದಲ್ಲಿ. ಎಲ್ಲೂ ಜಾಗ ಸಾಲದ ಭಾಗವನ್ನು ಬೇರೊಂದರ ಮರೆಯಲ್ಲಿ ಚಿಕ್ಕದು ಮಾಡಿ ಮುಚ್ಚಿಡಬಹುದು, ತಪ್ಪೇನಿಲ್ಲ.

ಇನ್ನು ಮೇಲ್ಮೈ. ಬಣ್ಣ ಬಳಿದ ತಗಡಿಗೆ ಮೆಟಾಲಿಕ್ (ಲೋಹದ ಗುಣ) 0, ರಫ್‌ನೆಸ್ (ಒರಟುತನ) 0.4. ಬಣ್ಣ ಕಿತ್ತುಬಂದ ಅಂಚಿಗೆ, ಆಕ್ಸಲ್‌ಗೆ ಮಾತ್ರ ಮೆಟಾಲಿಕ್ 1. ಸದ್ದಿಗೆ ಯಾರದೋ ಸಿನಿಮಾದಿಂದ ಕತ್ತರಿಸಬೇಡಿ. ಚಾಲಕರನ್ನು ಕೇಳಿ ಆಟೋ ಸ್ಟಾರ್ಟ್ ಆಗುವುದನ್ನೂ ಟಾಪಿನ ಕಬ್ಬಿಣದ ಚೌಕಟ್ಟು ತಟ್ಟುವುದನ್ನೂ ಮೊಬೈಲ್‌ನಲ್ಲಿ ಹಿಡಿದು, ಸದ್ದು ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಪಿಚ್ (ಶ್ರುತಿ) 5 ಸೆಮಿಟೋನ್ (ಅರ್ಧ ಸ್ವರ) ಇಳಿಸಿ.

ನೇರ ಎಂಪಿ4 ವಿಡಿಯೊಗೆ ರೆಂಡರ್ ಮಾಡಿದರೆ (ಅಂತಿಮ ಚಿತ್ರ ತೆಗೆದರೆ) ಮಧ್ಯೆ ಕರೆಂಟ್ ಹೋದಾಗ ಇಡೀ ಕಡತ ಹಾಳು. ಪಿಎನ್‌ಜಿ ಚಿತ್ರಗಳಾಗಿ ತೆಗೆಯಿರಿ. ಹತ್ತು ಸೆಕೆಂಡಿಗೆ 240 ಫ್ರೇಮ್. ಒಂದಕ್ಕೆ 30 ಸೆಕೆಂಡ್ ಹಿಡಿದರೆ ಎರಡು ಗಂಟೆ. ಔಟ್‌ಪುಟ್‌ನಲ್ಲಿ ‘ಓವರ್‌ರೈಟ್’ ಟಿಕ್ ತೆಗೆದಿಟ್ಟರೆ ಕರೆಂಟ್ ಬಂದ ಮೇಲೆ ಆಗಿರುವ ಫ್ರೇಮ್‌ಗಳನ್ನು ಬಿಟ್ಟು ಮುಂದುವರಿಯುತ್ತದೆ. ಅರ್ಧಕ್ಕೆ ನಿಂತ ಕೊನೆಯ ಚಿತ್ರವನ್ನು ಮಾತ್ರ ಅಳಿಸಿ ಶುರುಮಾಡಿ. ಆಮೇಲೆ ಬ್ಲೆಂಡರ್‌ನದೇ ವಿಡಿಯೊ ಸೀಕ್ವೆನ್ಸರ್‌ನಲ್ಲಿ ಚಿತ್ರಗಳನ್ನೂ ಸದ್ದನ್ನೂ ಕೂಡಿಸಿ ಎಚ್.264 ವಿಡಿಯೊ ರೂಪಕ್ಕೆ ತೆಗೆಯಿರಿ, ಅಲ್ಲೂ 24 ಫ್ರೇಮ್ ಇಡದಿದ್ದರೆ ‘ಠಕ್’ ಒಂದು ಕಡೆ, ಭುಜ ಇನ್ನೊಂದು ಕಡೆ ಆಗುತ್ತದೆ.