ಕಿವಿ ಮಿಷನ್ ತಂದರೆ ಸಾಲದು, ರೂಢಿ ಮಾಡಿಸಬೇಕು

ಕೊಡಗಿನ ಎಷ್ಟೋ ಮನೆಗಳಲ್ಲಿ ಹಿರಿಯರ ಕಿವಿ ಮಿಷನ್ ಬೀರುವಿನಲ್ಲೇ ಇರುತ್ತದೆ. ಬೆಂಗಳೂರಿನಲ್ಲಿರುವ ಮಕ್ಕಳು ಅಷ್ಟೊಂದು ದುಡ್ಡು ಕೊಟ್ಟು ತಂದಿರುತ್ತಾರೆ. ತಾತ ಎರಡು ದಿನ ಹಾಕಿ, ಬರೀ ಗಲಾಟೆ ಅಂತ ತೆಗೆದಿಡುತ್ತಾರೆ. ತಪ್ಪು ತಾತನದಲ್ಲ. ರೂಢಿ ಮಾಡಿಸುವ ಕೆಲಸವನ್ನೇ ಯಾರೂ ಮಾಡಿರುವುದಿಲ್ಲ.

ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಗುಗ್ಗೆ ಕಟ್ಟಿಕೊಂಡಿದ್ದರೆ ತೆಗೆಸಿದರೆ ಸಾಕು, ಮಿಷನ್ನೇ ಬೇಡವಾಗಬಹುದು.

ಆಮೇಲೆ ಆಡಿಯೋಗ್ರಾಂ, ಅಂದರೆ ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆ. ಸ್ವಲ್ಪ ದೂರವಾದರೂ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೇ ಹೋಗಿ ಅನ್ನುತ್ತೇನೆ ನಾನು. 1965ರಲ್ಲಿ ಶುರುವಾದ ಸಂಸ್ಥೆ ಅದು, ಮಾತು ಮತ್ತು ಕಿವಿಯದ್ದೇ ಅವರ ಕೆಲಸ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ ಸಿಗುವ ಸಾಧನ ಮಾತ್ರ ಖಂಡಿತ ಬೇಡ. ವಯಸ್ಸಾದಂತೆ ಮೊದಲು ಕೈಕೊಡುವುದು ಸ, ಶ ತರಹದ ತೆಳು ಸದ್ದುಗಳು, ಅದಕ್ಕೇ ಹಿರಿಯರು ‘ಕೇಳುತ್ತೆ, ಏನು ಹೇಳಿದ್ರಿ ಅಂತ ಗೊತ್ತಾಗಲ್ಲ’ ಅನ್ನುವುದು. ಅಗ್ಗದ ಸಾಧನ ಬೇಕಾದದ್ದು ಬೇಡದ್ದು ಎಲ್ಲವನ್ನೂ ಒಟ್ಟಿಗೆ ಜೋರು ಮಾಡುತ್ತದೆ. ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಹಾಕಿಸಿ. ಒಂದೇ ಇದ್ದರೆ ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯುವುದು ಕಷ್ಟ. ಆನೆ ಓಡಾಡುವ ತೋಟದಲ್ಲಿ ಅದು ಸಣ್ಣ ವಿಷಯವಲ್ಲ.

ಈಗ ಎಲ್ಲರೂ ಎಡವುವ ಜಾಗ. ಮಿಷನ್ ಬಂದ ದಿನವೇ ಇಡೀ ದಿನ ಹಾಕಿಸಬೇಡಿ. ವರ್ಷಗಟ್ಟಲೆ ಕೇಳದೇ ಇದ್ದ ಫ್ರಿಜ್ ಸದ್ದು, ಪಾತ್ರೆ ಸದ್ದು, ಚಪ್ಪಲಿ ಸದ್ದು ಎಲ್ಲ ಒಟ್ಟಿಗೆ ನುಗ್ಗುತ್ತವೆ, ಯಾವುದನ್ನು ಬಿಡಬೇಕು ಅನ್ನುವುದನ್ನು ಮಿದುಳು ಮತ್ತೆ ಕಲಿಯಬೇಕು. ತಮ್ಮ ಸ್ವರವೇ ಕೊಡದೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಹೀಗಾಗುತ್ತದೆ ಅಂತ ಮೊದಲೇ ಹೇಳಿಡಿ. ಮೊದಲ ಕೆಲವು ದಿನ ಒಂದೆರಡು ಗಂಟೆ ಸಾಕು, ಟಿವಿ ಆರಿಸಿದ ಕೋಣೆಯಲ್ಲಿ, ಒಬ್ಬರೇ ಎದುರು ಕೂತು, ಕೂಗದೆ, ನಿಧಾನವಾಗಿ ಮಾತಾಡಿ. ಬೆನ್ನ ಹಿಂದಿನಿಂದ ಕರೆದು ಪರೀಕ್ಷೆ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಆಮೇಲೆ ಊಟದ ಮೇಜಿನಲ್ಲಿ ಇಬ್ಬರು ಮೂವರು, ಆಮೇಲೆ ಟಿವಿ, ಫೋನ್. ವಾಲಗ ಊದುವ ಮದುವೆ ಮನೆ ಕಟ್ಟಕಡೆಗೆ. ಎಷ್ಟೋ ಜನ ಮದುವೆಗೆ ಅಂತಲೇ ಮಿಷನ್ ತಂದು ಅಲ್ಲೇ ಮೊದಲ ಸಲ ಹಾಕಿಸುತ್ತಾರೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಮಳೆಗಾಲದಲ್ಲಿ ಶುರು ಮಾಡುವುದಾದರೆ ಶೀಟಿನ ಮಾಡಿನ ಕೆಳಗೆ ಕೂರಿಸಬೇಡಿ, ತಾರಸಿ ಇರುವ ಕೋಣೆ ಆರಿಸಿಕೊಳ್ಳಿ. ಕುಂಯ್ ಅಂತ ಶಿಳ್ಳೆ ಬಂದರೆ ಹೆಚ್ಚಾಗಿ ಕಿವಿಯಲ್ಲಿ ಸರಿಯಾಗಿ ಕೂತಿಲ್ಲ ಅಂತ ಅರ್ಥ. ನೋವಿದ್ದರೆ ಸಹಿಸಿಕೊಳ್ಳಿ ಅನ್ನಬೇಡಿ, ಅಳತೆ ಸರಿ ಮಾಡಿಸಿ. ಕೆಲವು ವಾರ ಬಿಟ್ಟು ಮತ್ತೆ ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮಿಷನ್ ಹೊಂದಿಸಿಕೊಡುವ ತಜ್ಞರು) ಹತ್ತಿರ ಹೋಗಿ ಸೆಟ್ಟಿಂಗ್ ಬದಲಿಸಿಕೊಳ್ಳಲೇಬೇಕು. ಈ ಎರಡನೇ ಭೇಟಿಯನ್ನೇ ಜನ ತಪ್ಪಿಸುವುದು.

ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ನಮ್ಮ ಮಳೆಗೆ ಇದು ಬೇಕೇ ಬೇಕು. ಒಲೆ ಹತ್ತಿರ ಒಣಗಿಸಿದರೆ ಹಾಳಾಗುತ್ತದೆ.

ನಲವತ್ತು ಐವತ್ತರವರದ್ದು ಬೇರೆ ಕಷ್ಟ. ತಮಗೆ ಕಿವಿ ಮಂದವಾಗಿದೆ ಅಂತ ಒಪ್ಪುವುದೇ ಇಲ್ಲ, ಫೋನ್ ಹೆಂಡತಿ ಕೈಗೆ ಕೊಡುತ್ತಾರೆ, ಸಭೆಗೆ ಹೋಗುವುದು ಬಿಡುತ್ತಾರೆ. ನಡುವಯಸ್ಸಿನ ಕಿವುಡುತನ ಮುಂದೆ ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದು ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2020ರ ವರದಿಯಲ್ಲಿ ಹೇಳಿದೆ. ಇವರನ್ನು ಪರೀಕ್ಷೆಗೆ ಎಳೆದುಕೊಂಡಾದರೂ ಹೋಗಿ. ಕಳೆ ಕೊಚ್ಚುವ ಮಿಷನ್ ಹಿಡಿಯುವಾಗ, ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಸದ್ದು ತಡೆಯುವ ಕಿವಿ ಮಫ್ ಹಾಕಿಸಿ. ಹತ್ತಿ ತುರುಕಿಕೊಂಡರೆ ಸಾಲದು. ಸದ್ದಿನಿಂದ ಸತ್ತ ಒಳಗಿವಿಯ ಕೋಶ ಮತ್ತೆ ಹುಟ್ಟುವುದಿಲ್ಲ.

ಮಗುವಿನ ವಿಷಯದಲ್ಲಿ ಮಾತ್ರ ನಿಧಾನ ಬೇಡ. ಹುಟ್ಟಿದ 1 ತಿಂಗಳೊಳಗೆ ಕಿವಿ ಪರೀಕ್ಷೆ, 3 ತಿಂಗಳೊಳಗೆ ದೋಷ ಇದೆಯಾ ಅಂತ ಖಚಿತ, 6 ತಿಂಗಳೊಳಗೆ ಚಿಕಿತ್ಸೆ ಶುರು, ಇದು ಡಾಕ್ಟರುಗಳು ಪಾಲಿಸುವ ಗಡುವು. ‘ನಮ್ಮ ಮನೆಯಲ್ಲಿ ಎಲ್ಲರೂ ಲೇಟಾಗಿಯೇ ಮಾತಾಡಿದ್ದು’ ಅನ್ನುವ ಅಜ್ಜಿಯ ಮಾತನ್ನು ನಂಬಿಕೊಂಡು ಕೂರಬೇಡಿ. ಮಗುವಿಗೆ ಹಾಕಿದ ಮಿಷನ್ ಎಚ್ಚರವಿರುವ ಅಷ್ಟೂ ಹೊತ್ತು ಕಿವಿಯಲ್ಲಿರಬೇಕು. ಸ್ನಾನಕ್ಕೆ, ನಿದ್ದೆಗೆ ಮಾತ್ರ ತೆಗೆಯಿರಿ.