ಹಸಿರು ಬೂಷ್ಟು ಬಂದರೆ ಔಷಧಿ ಡೋಸ್ ಏರಿಸಬೇಡಿ

ಚಿಪ್ಪಣಬೆ ಬೆಳೆಯುವವರಿಗೆ ಒಂದು ಮಾತು, ಪಾಂಡವಪುರ ಕಡೆಯ ನಮ್ಮ ಶೆಡ್‌ನಲ್ಲಿ ಕಲಿತದ್ದು. ಅಣಬೆ ಬೆಳೆಸುವ ಭತ್ತದ ಹುಲ್ಲನ್ನು, ಬೂಷ್ಟು ಬರದಿರಲಿ ಅಂತ, ಪ್ರತಿ ಸಲ ಕಾರ್ಬೆಂಡಜಿಮ್, ಫಾರ್ಮಲಿನ್ ಔಷಧಿ ಹಾಕಿದ ನೀರಲ್ಲೇ ನೆನೆಸುತ್ತಿದ್ದೆವು. ಮೊದಮೊದಲು ಚೆನ್ನಾಗಿತ್ತು. ಕಳೆದ ಮಳೆಗಾಲದಲ್ಲಿ ಅಣಬೆ ಬೀಜ ಹಾಕಿದ ಎಂಟನೇ ದಿನಕ್ಕೆ ಹುಲ್ಲು ತುಂಬಿದ ಬ್ಯಾಗಿನೊಳಗೆ ಬಿಳಿ ಮಚ್ಚೆ ಎದ್ದು, ನೋಡನೋಡುತ್ತಲೇ ಪಾಚಿ ಬಣ್ಣಕ್ಕೆ ತಿರುಗಿತು. ಟ್ರೈಕೋಡರ್ಮಾ ಅನ್ನೋ ಹಸಿರು ಬೂಷ್ಟು ಅದು. ಡೋಸ್ ಜಾಸ್ತಿ ಮಾಡಿದರೂ ಜಗ್ಗಲಿಲ್ಲ.

ಒಂದೇ ಔಷಧಿ ಹಾಕುತ್ತಾ ಹೋದರೆ ಅದಕ್ಕೆ ಸಾಯದ ಬೂಷ್ಟು ಮಾತ್ರ ಉಳಿದು ಹೆಚ್ಚುತ್ತೆ. ಕಾರ್ಬೆಂಡಜಿಮ್ ಬಿಟ್ಟು ಥಯೋಫನೇಟ್ ಮೀಥೈಲ್ ಔಷಧಿಗೆ ಬದಲಿಸಿದರೂ ಸುಮ್ನೆ ದುಡ್ಡು ದಂಡ, ಎರಡೂ ಒಂದೇ ಗುಂಪಿನವು, ಒಂದಕ್ಕೆ ಜಗ್ಗದ್ದು ಇನ್ನೊಂದಕ್ಕೂ ಜಗ್ಗಲ್ಲ. ಅಣಬೆಯೂ ಶಿಲೀಂಧ್ರವೇ ಅಲ್ವಾ, ಡೋಸ್ ಏರಿಸಿದರೆ ಪೆಟ್ಟು ಅದಕ್ಕೂ ಬೀಳುತ್ತೆ.

ನಾವೀಗ ನೆನೆಸಿದ ಹುಲ್ಲನ್ನು ಹಂಡೆಯಲ್ಲಿ 80 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು ಬಸಿದು ಆರಿಸುತ್ತೇವೆ. ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಉದುರಬಾರದು, ಆಗಲೇ ಬೀಜ ಹಾಕುವುದು. ಹಸಿರು ಕಂಡ ಬ್ಯಾಗನ್ನು ದಯವಿಟ್ಟು ಒಳಗೇ ಬಿಚ್ಚಬೇಡಿ, ಬೂಷ್ಟಿನ ಪುಡಿ ಹಾರಿ ಶೆಡ್ ಪೂರ್ತಿ ಕೂರುತ್ತೆ. ಒದ್ದೆ ಗೋಣಿ ಮುಚ್ಚಿ ಮೆಲ್ಲಗೆ ಹೊರಗೊಯ್ದು, ದೂರದಲ್ಲಿ ಗುಂಡಿ ತೋಡಿ ಹೂಳಿ. ದಿನದ ಕೆಲಸ ಹೊಸ ಬ್ಯಾಗುಗಳಿಂದ ಶುರು ಮಾಡಿ, ಹಳೆಯವುಗಳ ಹತ್ತಿರ ಕೊನೆಗೆ ಹೋಗಿ.