ಹಗಲು ಹೊತ್ತು ಕೂಸು ಯಾರ ಕೈಯಲ್ಲಿರುತ್ತದೆ?

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಹಳ್ಳಿಗಳಲ್ಲಿ ನಾನು ಆರೋಗ್ಯ ಕಾರ್ಯಕರ್ತೆ. ಮಗುವಿಗೆ ಭೇದಿಯೆಂದು ತಿಳಿದರೆ ತಾಯಿ ಎಷ್ಟು ಓದಿದ್ದಾಳೆ, ಶೌಚಾಲಯ ಇದೆಯೇ, ನೀರು ಎಲ್ಲಿಯದು ಎಂದು ಬರೆದುಕೊಳ್ಳುವುದು ರೂಢಿ. ಬೇಕಾದ ಪ್ರಶ್ನೆಗಳೇ. ಆದರೆ ಒಂದೇ ಓಣಿಯಲ್ಲಿ ಒಂದೇ ನಲ್ಲಿಯ ನೀರು ಕುಡಿಯುವ ಎರಡು ಮನೆಗಳ ಪೈಕಿ ಒಂದರ ಮಗುವಿಗೆ ಮಾತ್ರ ಮತ್ತೆ ಮತ್ತೆ ಭೇದಿಯಾಗುವುದೇಕೆ? ಇದಕ್ಕೆ ಅವುಗಳಲ್ಲಿ ಉತ್ತರ ಸಿಗುತ್ತಿರಲಿಲ್ಲ. ಡೈರಿಯಲ್ಲಿ ಇನ್ನೊಂದು ಕಾಲಂ ಎಳೆದು, ಹಗಲು ಮಗುವನ್ನು ನೋಡಿಕೊಳ್ಳುವವರು ಯಾರೆಂದು ಬರೆಯತೊಡಗಿದೆ.

ಭತ್ತದ ನಾಟಿ ಶುರುವಾಗುವುದೂ ಮಳೆ ಹಿಡಿಯುವುದೂ ಒಂದೇ ಹೊತ್ತಿಗೆ. ಹೆಂಗಸರು ನಸುಕಿನಲ್ಲೇ ಕೂಲಿಗೆಂದು ಟಂಟಂ ಗಾಡಿ ಹತ್ತುತ್ತಾರೆ. ಎದೆಹಾಲು ಕುಡಿಯುವ ಕೂಸು ಅಜ್ಜಿಯ ಬಳಿಯೋ ಶಾಲೆ ಬಿಟ್ಟ ಅಕ್ಕನ ಬಳಿಯೋ ಉಳಿಯುತ್ತದೆ, ಜೊತೆಗೊಂದು ಹಾಲಿನ ಬಾಟಲಿ. ಅಂಥ ಬಾಟಲಿಯ ನಿಪ್ಪಲನ್ನು ಮಗುಚಿ ನೋಡಿದರೆ ಒಳಗೆ ಹಳದಿ ಕೆನೆ ಅಂಟಿರುತ್ತದೆ, ಉಗುರಿನಿಂದ ಕೆರೆದರೂ ಬಿಡದು. ಬೆಳಿಗ್ಗೆ ಮಾಡಿಟ್ಟ ಗಂಜಿ ಮಧ್ಯಾಹ್ನಕ್ಕೆ ಹುಳಿ ನಾರುತ್ತದೆ. 'ತಾಯಿಗೆ ತಿಳಿವಳಿಕೆ ಇಲ್ಲ' ಎಂದು ಷರಾ ಬರೆದು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು. ಕೂಲಿ ತಪ್ಪಿದರೆ ಒಲೆ ಉರಿಯುವುದಿಲ್ಲವೆಂಬ ತಿಳಿವಳಿಕೆ ಆಕೆಗೆ ಚೆನ್ನಾಗಿಯೇ ಇದೆ.

ನನ್ನ ಮಾತನ್ನೆಲ್ಲ ಅಜ್ಜಿಯರ ಕಡೆ ತಿರುಗಿಸಿದೆ. ಬಾಟಲಿ ಬದಲು ಬಟ್ಟಲು, ಚಮಚ. ಕೊಡಕ್ಕೆ ಲೋಟ ಅದ್ದುವ ಬದಲು ಉದ್ದ ಹಿಡಿಯ ಸೌಟು. ಇವನ್ನು ಒಪ್ಪಿದರು. ಕೂಸಿನ ಮಲವನ್ನು ಚರಂಡಿಗೆ ಚೆಲ್ಲಬೇಡಿ ಎಂದರೆ ಮಾತ್ರ, 'ಹಾಲು ಕುಡಿಯುವ ಕೂಸಿನದು ಹೊಲಸೇನವ್ವಾ?' ಎನ್ನುತ್ತಾರೆ. ಆ ವಾದ ಇನ್ನೂ ನಡೆದಿದೆ.

ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ ಓಆರ್‌ಎಸ್. ಅದರ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು ಬೇಕು. ಒಂದು ಲೋಟಕ್ಕೇ ಪೂರ್ತಿ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಅಜ್ಜಿಗೆ ಲೀಟರಿನ ಲೆಕ್ಕ ಹೇಳುವುದಿಲ್ಲ. ಲೀಟರ್ ಬಾಟಲಿಯ ನೀರನ್ನು ಆ ಮನೆಯ ಪಾತ್ರೆಗೇ ಸುರಿದು, 'ಕಂಠದವರೆಗೆ' ಎಂದೋ 'ಕಂಠಕ್ಕಿಂತ ಎರಡು ಬೆರಳು ಕೆಳಗೆ' ಎಂದೋ ಅವರಿಂದಲೇ ಹೇಳಿಸುತ್ತೇನೆ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಬೇಕು. ಕಣ್ಣು ಗುಳಿಬಿದ್ದರೆ, ಮಗು ಮಂಕಾಗಿ ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೆ.

ಆರು ತಿಂಗಳು ದಾಟಿದ ಮಗುವಿಗೆ ಭೇದಿಯಾದರೆ ದಿನಕ್ಕೆ 20 ಮಿಲಿಗ್ರಾಂ ಸತುವಿನ (ಜಿಂಕ್) ಮಾತ್ರೆಯನ್ನು 14 ದಿನ ಕೊಡಬೇಕು. ಆದರೆ ಭೇದಿ ನಿಂತ ಕೂಡಲೇ ಮಾತ್ರೆ ಗೋಡೆಯ ಗೂಡು ಸೇರುತ್ತದೆ. 'ಪೂರ್ತಿ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿಯಾಗುವುದು ಕಡಿಮೆ, ಕೂಲಿಯೂ ತಪ್ಪದು' ಎಂದು ಹೇಳತೊಡಗಿದ ಮೇಲೆ ಮಾತ್ರೆ ಮುಂದುವರಿಸುವವರು ಹೆಚ್ಚಿದರು.

ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ತಡೆಯುವ ಲಸಿಕೆ ಕೂಸಿನ 6, 10 ಮತ್ತು 14ನೇ ವಾರಕ್ಕೆ. ನಾಟಿಯ ತಿಂಗಳಲ್ಲಿ ಯಾವ ಕೂಸುಗಳ ಸರದಿ ಬರುತ್ತದೆಂದು ಮೊದಲೇ ಪಟ್ಟಿ ಮಾಡಿ, ಲಸಿಕೆಯ ದಿನ ಆ ತಾಯಂದಿರನ್ನು ಊರಿಗೆ ಹತ್ತಿರದ ಗದ್ದೆಗೆ ಕಳಿಸುವಂತೆ ಗುಂಪಿನ ಮೇಸ್ತ್ರಿಯನ್ನು ಕೇಳಿಕೊಳ್ಳುತ್ತೇನೆ. ಕೆಲವರು ಒಪ್ಪುತ್ತಾರೆ.